ಮೂರು ಇಂಚು ಮರಳು

ನಮ್ಮ ಗದ್ದೆಯಲ್ಲಿ ಮರಳು ಎಷ್ಟು ಆಳ ಇದೆ ಅಂತ ಅಳೆದಿದ್ದು ನನ್ನ ಮಗನ ಶಾಲೆಯ ಸ್ಕೇಲಿನಲ್ಲಿ. ಸರ್ಕಾರದ ಟೇಪು ಜೀಪಿನಲ್ಲೇ ಉಳಿದಿತ್ತು. ಜೀಪು ಮೇಲಿನ ರಸ್ತೆಯಲ್ಲಿ ನಿಂತಿತ್ತು. ಗದ್ದೆಗೆ ಇಳಿಯುವ ದಾರಿಯೇ ಇರಲಿಲ್ಲ. ಕಾಫಿ ಗಿಡ ಹಿಡಿದುಕೊಂಡು ತೋಟದ ಒಳಗಿಂದ ಜಾರುತ್ತಾ ಬಂದಿದ್ದ ಗ್ರಾಮ ಲೆಕ್ಕಿಗರ ಮೇಡಂಗೆ ಮತ್ತೆ ಹತ್ತಿ ಇಳಿಯುವ ಮನಸ್ಸಾಗಲಿಲ್ಲ. ಮನೆಗೆ ಓಡಿ ಮಗನ ಬ್ಯಾಗಿನಿಂದ ಸ್ಕೇಲು ತಂದು ಕೊಟ್ಟೆ. ಅವರು ಮರಳಿಗೆ ಚುಚ್ಚಿದರು. ಸ್ಕೇಲು ಪೂರ್ತಿ ಒಳಗೆ ಹೋಯಿತು. 'ಮೂರು ಇಂಚಿಗಿಂತ ಹೆಚ್ಚು' ಅಂತ ಬರೆದುಕೊಂಡರು. ಅಷ್ಟೇ. ಒಂದು ಅಡಿ ಇರಲಿ, ಮೂರು ಅಡಿ ಇರಲಿ, ಕಾಗದದಲ್ಲಿ ಅದು ಮೂರು ಇಂಚಿಗಿಂತ ಹೆಚ್ಚು.

ಆ ಒಂದು ಸಾಲು ಕಾಗದಕ್ಕೆ ಇಳಿಯಲು ನಮಗೆ ಐದು ತಿಂಗಳು ಹಿಡಿಯಿತು. ಈಗಲೂ ಮಳೆಗಾಲ ಮುಗಿಯುತ್ತಿದ್ದ ಹಾಗೆ ಯಾರಾದರೂ ಒಬ್ಬರು 'ಅಕ್ಕಾ, ಗದ್ದೆಗೆ ಮರಳು ಬಿದ್ದಿದ್ದಕ್ಕೆ ಸರ್ಕಾರದ ಪರಿಹಾರ ನೀವು ಹೇಗೆ ಮಾಡಿಸಿಕೊಂಡ್ರಿ?' ಅಂತ ಕೇಳಿಕೊಂಡು ಬರುತ್ತಾರೆ. ಪ್ರತಿ ಸಲ ಹೇಳುವ ಬದಲು ಒಂದು ಸಲ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ನಮ್ಮದು ಮಡಿಕೇರಿಯಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿ, ಮಕ್ಕಂದೂರು ದಾಟಿ ಹಟ್ಟಿಹೊಳೆ ಕಡೆಯ ಒಂದು ಹಳ್ಳಿ. ಮೇಲೆ ಬಾಣೆ ಅನ್ನುವ ಮರಗಾಡು, ನಡುವೆ ಕಾಫಿ, ಕೆಳಗೆ ಗದ್ದೆ, ಗದ್ದೆಯ ಅಂಚಿಗೆ ತೋಡು, ಅಂದರೆ ಸಣ್ಣ ಹಳ್ಳ. ಕೊಡಗಿನಲ್ಲಿ ಎಷ್ಟೋ ಮನೆಗಳು ಹೀಗೇ ಇವೆ. ಗದ್ದೆ ಒಟ್ಟು 1 ಎಕರೆ 30 ಗುಂಟೆ. ದುಡ್ಡು ಬರುವುದು ಕಾಫಿಯಿಂದ. ಗದ್ದೆಯಿಂದ ಬರುವುದು ಮನೆಯ ಅಕ್ಕಿ, ಎರಡು ಹಸುವಿಗೆ ಹುಲ್ಲು, ಹುತ್ತರಿ ಅನ್ನುವ ಸುಗ್ಗಿ ಹಬ್ಬಕ್ಕೆ ಕದಿರು. ಲೆಕ್ಕ ಹಾಕಿದರೆ ಲಾಭ ಇಲ್ಲ. ಹಾಗಂತ ಗದ್ದೆ ಪಾಳು ಬಿಟ್ಟರೆ ಮಾವನಿಗೆ ರಾತ್ರಿ ನಿದ್ದೆ ಬರುವುದಿಲ್ಲ.

2018ರ ಆಗಸ್ಟ್ 16, 17. ಕೊಡಗಿನಲ್ಲಿ ಗುಡ್ಡ ಜಾರಿ, ಹೊಳೆ ಉಕ್ಕಿದ ದಿನಗಳು. ಆ ಎರಡು ದಿನದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ. ನಾವು ಐದು ಜನ, ಒಂದು ನಾಯಿ, ಸುಂಟಿಕೊಪ್ಪದ ಕಡೆ ಬಂದು ಸೇರಿದೆವು. ಹಸುಗಳನ್ನು ಹಗ್ಗ ಬಿಚ್ಚಿ ಬಿಟ್ಟು ಬಂದಿದ್ದೆವು. ಹನ್ನೆರಡು ದಿನದ ಮೇಲೆ ವಾಪಸ್ ಹೋದಾಗ ಮನೆ ನಿಂತಿತ್ತು, ಹಸುಗಳೂ ಅಂಗಳದಲ್ಲಿದ್ದವು. ಗದ್ದೆ ಇರಲಿಲ್ಲ. ಆಟಿ ತಿಂಗಳ ಹದಿನೆಂಟರ, ಅಂದರೆ ಆಗಸ್ಟ್ ಮೊದಲ ವಾರದ ಹೊತ್ತಿಗೆ ನಾಟಿ ಮುಗಿಸಿದ್ದ ಹಸಿರು ಗದ್ದೆಯ ಜಾಗದಲ್ಲಿ ಬಿಳಿ ಮರಳು, ಬೇರು ಸಮೇತ ಬಂದ ಮರ, ಯಾರದೋ ಮನೆಯ ಪ್ಲಾಸ್ಟಿಕ್ ಕುರ್ಚಿ. ತೋಡು ತನ್ನ ಹಳೆಯ ದಾರಿ ಬಿಟ್ಟು ನಮ್ಮ ಗದ್ದೆಯ ನಡುವೆಯೇ ಹರಿಯುತ್ತಿತ್ತು. ಮಾವ ಬದುವಿನ ಜಾಗ ಹುಡುಕಿದರು. ಸಿಗಲಿಲ್ಲ. 'ಇದೆಂತ ಮಗಾ, ಕಡಲ ಕರೆ ಹಾಗೆ ಕಾಣ್ತದೆ' ಅಂದರು.

ಇಲ್ಲಿಂದ ಕಾಗದದ ಕೆಲಸ ಶುರು.

ಸೆಪ್ಟೆಂಬರ್ ಮೊದಲ ವಾರ ಸರ್ವೆಗೆ ಬಂದರು. ಗ್ರಾಮ ಲೆಕ್ಕಿಗರು, ಕೃಷಿ ಇಲಾಖೆಯವರೊಬ್ಬರು, ಪಂಚಾಯ್ತಿಯಿಂದ ಒಬ್ಬರು. ಪಾಪ, ಅವರೂ ಹದಿನೈದು ದಿನದಿಂದ ಮನೆಗೆ ಸರಿಯಾಗಿ ಹೋಗಿರಲಿಲ್ಲ. ಮೇಲಿನ ರಸ್ತೆಯಲ್ಲೇ ನಿಂತು ನೋಡಿದರು, ಫೋಟೋ ಹೊಡೆದರು, ಪಹಣಿ ನಂಬರ್ ಕೇಳಿದರು, ಮಾವನ ಕೈಯಲ್ಲಿ ಸಹಿ ಹಾಕಿಸಿಕೊಂಡರು. ಏನು ಬರೆದಿದ್ದಾರೆ ಅಂತ ನಾವು ಓದಲಿಲ್ಲ. ಅದು ನಮ್ಮ ಮೊದಲ ತಪ್ಪು.

ಅಕ್ಟೋಬರಿನಲ್ಲಿ ಪಂಚಾಯ್ತಿ ಗೋಡೆಗೆ ಪಟ್ಟಿ ಅಂಟಿಸಿದರು. ಮಾವನ ಹೆಸರಿನ ಮುಂದೆ 'ಬೆಳೆ ನಷ್ಟ, ಭತ್ತ, ಮಳೆಯಾಶ್ರಿತ' ಅಂತ ಇತ್ತು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬೆಳೆ ಹೋಗಿದ್ದು ನಿಜ ಅಲ್ವಾ? ಪಕ್ಕದಲ್ಲಿ ನಿಂತು ಪಟ್ಟಿ ನೋಡುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು, 'ನಿಮ್ಮದು ಗದ್ದೆಯೇ ಹೋಗಿದೆಯಲ್ಲಮ್ಮ, ಬೆಳೆ ಅಂತ ಯಾಕೆ ಬರೆಸಿದ್ರಿ?' ಅಂದರು. ಆಮೇಲೆ ಅವರೇ ಕೂರಿಸಿಕೊಂಡು ತಿಳಿಸಿದರು.

ವಿಷಯ ಏನೆಂದರೆ, ಪ್ರಕೃತಿ ವಿಕೋಪಕ್ಕೆ ಯಾವುದಕ್ಕೆ ಎಷ್ಟು ಕೊಡಬೇಕು ಅನ್ನುವುದಕ್ಕೆ ಕೇಂದ್ರ ಗೃಹ ಸಚಿವಾಲಯದ ಒಂದು ದರಪಟ್ಟಿ ಇದೆ. ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ದುಡ್ಡು ಕೊಡುವುದು ಅದರ ಪ್ರಕಾರವೇ. ಆಗ ನಡೆಯುತ್ತಿದ್ದದ್ದು 2015ರ ಪಟ್ಟಿ. ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹೋದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 6,800 ರೂಪಾಯಿ. ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ 18,000. ಇದು ಬೆಳೆಯ ಲೆಕ್ಕ. ಭೂಮಿಯದು ಬೇರೆ. ಜಮೀನಿನ ಮೇಲೆ ಮೂರು ಇಂಚಿಗಿಂತ ಹೆಚ್ಚು ಮರಳು, ಹೂಳು ಕೂತಿದ್ದರೆ ಅದನ್ನು ತೆಗೆಯಲು ಹೆಕ್ಟೇರಿಗೆ 12,200. ಗುಡ್ಡ ಜಾರಿ ಅಥವಾ ಹೊಳೆ ದಾರಿ ಬದಲಿಸಿ ಜಮೀನೇ ಇಲ್ಲವಾದರೆ ಹೆಕ್ಟೇರಿಗೆ 37,500. ಭೂಮಿಯ ಈ ಎರಡೂ ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಮಾತ್ರ, ಅಂದರೆ ಎರಡು ಹೆಕ್ಟೇರಿನ ಒಳಗೆ ಇರುವವರಿಗೆ.

ಗದ್ದೆ ಒಂದೇ. 'ಬೆಳೆ' ಅಂತ ಬರೆದರೆ ಒಂದು ದುಡ್ಡು, 'ಹೂಳು' ಅಂತ ಬರೆದರೆ ಒಂದು, 'ಜಮೀನು ನಷ್ಟ' ಅಂತ ಬರೆದರೆ ಇನ್ನೊಂದು. ನಮ್ಮದರಲ್ಲಿ ಮೂರೂ ಇತ್ತು. 1 ಎಕರೆ 10 ಗುಂಟೆ ಮರಳಿನ ಅಡಿ. ಉಳಿದ 20 ಗುಂಟೆಯಲ್ಲಿ ತೋಡು. ಮಹಜರಿನಲ್ಲಿ, ಅಂದರೆ ಸರ್ವೆಯವರು ಜಾಗ ನೋಡಿ ಬರೆದ ಕಾಗದದಲ್ಲಿ, ಇದ್ದದ್ದು ಬೆಳೆ ಒಂದೇ.

ಆಕ್ಷೇಪಣೆ ಅರ್ಜಿ ತೆಗೆದುಕೊಂಡು ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಬೇಡ. ಅಲ್ಲಿದ್ದವರು ಕೆಟ್ಟವರಲ್ಲ, ಟೇಬಲ್ ಮೇಲೆ ಕಡತದ ರಾಶಿ ಕುತ್ತಿಗೆ ಮಟ್ಟ ಇತ್ತು. ಆದರೂ ಹೇಳಿದ ಮಾತು ಮರೆಯಲಾಗುವುದಿಲ್ಲ. 'ಎರಡನೇ ಸಲ ಸರ್ವೆ ಇಲ್ಲ. ಬಂದಿದ್ದು ತಗೊಳ್ಳಿ.' ಅರ್ಜಿ ಕೊಟ್ಟು, ಸ್ವೀಕೃತಿ ಕೇಳಿದೆ. ಕೊಡಲಿಲ್ಲ. ಮಾರನೆಯ ದಿನ ಅದೇ ಅರ್ಜಿಯನ್ನು ಅಂಚೆಯಲ್ಲಿ ರಿಜಿಸ್ಟರ್ ಮಾಡಿ ಕಳಿಸಿದೆ. ಅಂಚೆ ರಸೀದಿಗಿಂತ ದೊಡ್ಡ ಸ್ವೀಕೃತಿ ಯಾವುದಿದೆ?

ಜೊತೆಗೆ ಮೇಷ್ಟ್ರು ಹೇಳಿದ ಹಾಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ನಾನು ಮೊದಲು ಬರೆದಿದ್ದು ಎರಡು ಪುಟ ಇತ್ತು. ಮಳೆ, ಗಂಜಿ ಕೇಂದ್ರ, ಮಾವನ ಬಿಪಿ, ಎಲ್ಲ ಅದರಲ್ಲಿತ್ತು. ಮೇಷ್ಟ್ರು ಕೆಂಪು ಪೆನ್ನು ತೆಗೆದು ಎಲ್ಲ ಹೊಡೆದು ಹಾಕಿದರು. ಉಳಿದಿದ್ದು ಒಂದು ಸಾಲು: 'ಸರ್ವೆ ನಂಬರ್ ಇಷ್ಟರ ಮಹಜರಿನ ಪ್ರತಿ ಮತ್ತು ಫೋಟೋ ಕೊಡಿ.' ಮೂವತ್ತು ದಿನದ ಒಳಗೆ ಉತ್ತರ ಕೊಡಬೇಕು ಅಂತ ಕಾನೂನು. ಇಪ್ಪತ್ತೆಂಟನೇ ದಿನ ಬಂತು. ಫೋಟೋದಲ್ಲಿ ಮರಳು ಎಷ್ಟು ಚೆನ್ನಾಗಿ ಬಿದ್ದಿತ್ತು ಅಂದರೆ, ಅವರ ಫೋಟೋವೇ ನಮ್ಮ ಸಾಕ್ಷಿ ಆಯಿತು.

ಈ ನಡುವೆ ಮನೆಯಲ್ಲಿ ಜಗಳ. ಇವರಿಗೆ ಮರಳನ್ನು ಕೂಡಲೇ ತೆಗೆಸಬೇಕು ಅಂತ. ಜೆಸಿಬಿಯವನು ಹೆಬ್ಬಾಗಿಲಲ್ಲೇ ನಿಂತಿದ್ದ ಅನ್ನಿ. ನಾನು ಬಿಡಲಿಲ್ಲ. ಕೆಳಗಿನ ಮನೆಯ ಅಣ್ಣ ಅಕ್ಟೋಬರಿನಲ್ಲೇ ಸಾಲ ಮಾಡಿ ಮರಳು ತೆಗೆಸಿದ್ದರು. ಆಮೇಲೆ ಹೂಳಿನ ಪರಿಹಾರ ಕೇಳಲು ಹೋದರೆ 'ಹೂಳು ಎಲ್ಲಿದೆ?' ಅಂದರಂತೆ. ನಿಜ, ಇರಲಿಲ್ಲ. ತೆಗೆಯುವ ಮೊದಲಿನ ಒಂದು ಫೋಟೋ ಕೂಡ ಅವರ ಹತ್ತಿರ ಇರಲಿಲ್ಲ. ನಷ್ಟವನ್ನು ಹಾಗೇ ಇಟ್ಟುಕೊಂಡು ಕಾಯಬೇಕು, ಸರಿಮಾಡಿಕೊಂಡರೆ ನಷ್ಟವೇ ಇಲ್ಲ. ಎಂಥ ಲೆಕ್ಕ ನೋಡಿ. ಆದರೆ ಅದು ಹಾಗೇ ಇದೆ, ನಾವು ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ.

ನವೆಂಬರಿನಲ್ಲಿ ಪೇಪರಿನಲ್ಲಿ ಬಂತು, ಕೇಂದ್ರದಿಂದ ಕರ್ನಾಟಕಕ್ಕೆ 546 ಕೋಟಿ ಅಂತ. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. 'ಇದರಲ್ಲಿ ನಮ್ಮದೆಷ್ಟು ಮಗಾ?' ನಾನು ಕ್ಯಾಲ್ಕುಲೇಟರ್ ತೆಗೆದೆ. ಒಂದು ಹೆಕ್ಟೇರ್ ಅಂದರೆ 2 ಎಕರೆ 19 ಗುಂಟೆ. ನಮ್ಮ ಬೆಳೆ ನಷ್ಟ 70 ಗುಂಟೆಗೆ ಸುಮಾರು 4,800 ರೂಪಾಯಿ. ಮಾವ ಪೇಪರ್ ಮಡಚಿಟ್ಟರು.

ಆ ವರ್ಷದ ಹುತ್ತರಿಗೆ ಕದಿರು ತೆಗೆಯಲು ನಮ್ಮ ಗದ್ದೆ ಇರಲಿಲ್ಲ. ಅತ್ತೆಯ ತವರಿನಿಂದ ಒಂದು ಹಿಡಿ ತಂದೆವು. ಮಾವ ಎಂದಿನ ಹಾಗೆ ಮುಂದೆ ನಿಂತು ಎಲ್ಲ ಮಾಡಿದರು. ಹಬ್ಬದ ಕೂಗು ಹಾಕುವಾಗ ಮಾತ್ರ ಧ್ವನಿ ಬರಲಿಲ್ಲ. ಅದನ್ನು ಹೆಚ್ಚು ಬರೆಯುವುದಿಲ್ಲ.

ದೊಡ್ಡ ಅಡ್ಡಿ ಇನ್ನೂ ಮುಂದೆ ಇತ್ತು. ಪಹಣಿ.

ಕೊಡಗಿನ ಪಹಣಿ ಗೊತ್ತಿದ್ದವರಿಗೆ ನಗು ಬರಬಹುದು. ನಮ್ಮದು ಜಮ್ಮಾ. ಭೂಮಿ ಒಬ್ಬರದ್ದಲ್ಲ, ಮನೆತನದ್ದು. ಪಟ್ಟೇದಾರ ಅಂತ ಹಿರಿಯರ ಹೆಸರು ಇರುತ್ತದೆ. ನಮ್ಮ ಪಹಣಿಯಲ್ಲಿ ಇನ್ನೂ ಮಾವನ ಅಪ್ಪನ ಹೆಸರೇ ಇತ್ತು. ಅವರು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿದೆ. ಅವರ ಹೆಸರಿನಲ್ಲಿ ಕಾಫಿ, ಗದ್ದೆ ಎಲ್ಲ ಸೇರಿ 11 ಎಕರೆ 20 ಗುಂಟೆ. ಕಂಪ್ಯೂಟರಿನ ಕಣ್ಣಿಗೆ ಅದು ಒಬ್ಬನೇ ರೈತ, ಎರಡು ಹೆಕ್ಟೇರಿಗಿಂತ ಜಾಸ್ತಿ. ಅಂದರೆ ದೊಡ್ಡ ರೈತ. ಹೂಳಿನ ದುಡ್ಡೂ ಇಲ್ಲ, ಭೂಮಿಯ ದುಡ್ಡೂ ಇಲ್ಲ. ಇಪ್ಪತ್ತು ವರ್ಷದ ಹಿಂದೆ ಹೋದ ಅಜ್ಜ ಆ ವರ್ಷ ಇದ್ದಕ್ಕಿದ್ದ ಹಾಗೆ ದೊಡ್ಡ ಜಮೀನ್ದಾರ ಆಗಿಬಿಟ್ಟರು. ಭೂಮಿ ಹೋಗಿದ್ದಕ್ಕೆ ಕೊಡುವ ದುಡ್ಡಿಗೆ ಇನ್ನೊಂದು ಷರತ್ತು, ಕಂದಾಯ ದಾಖಲೆಯಲ್ಲಿ ಒಡೆತನ ಸರಿಯಾಗಿರಬೇಕು.

ಅಜ್ಜನಿಗೆ ಮೂರು ಗಂಡುಮಕ್ಕಳು. ದೊಡ್ಡವರು ತೀರಿಕೊಂಡಿದ್ದಾರೆ, ಅವರ ಮಕ್ಕಳು ಬೆಂಗಳೂರಿನಲ್ಲಿ. ನಡುವಿನವರು ನಮ್ಮ ಮಾವ. ಕಿರಿಯವರು ಚಿಕ್ಕಮಾವ, ಇಲ್ಲೇ ಮೇಲಿನ ಮನೆ. ಮೂರು ಪಾಲು ಅಂದರೆ ಒಬ್ಬರಿಗೆ ನಾಲ್ಕು ಎಕರೆಯೂ ಇಲ್ಲ, ಎಲ್ಲರೂ ಸಣ್ಣ ರೈತರೇ. ಅದನ್ನು ತೋರಿಸಲು ವಂಶವೃಕ್ಷ ಬೇಕು, ಅಜ್ಜನ ಮರಣ ಪ್ರಮಾಣಪತ್ರ ಬೇಕು, ಎಲ್ಲರ ಒಪ್ಪಿಗೆ ಪತ್ರ ಬೇಕು.

ಬೆಂಗಳೂರಿನವರು ಎರಡೇ ದಿನದಲ್ಲಿ ಸಹಿ ಹಾಕಿ ಕಳಿಸಿದರು. ತಡ ಆಗಿದ್ದು ಮೇಲಿನ ಮನೆಯಲ್ಲಿ, ಕೂಗಿದರೆ ಕೇಳುವ ದೂರದಲ್ಲಿ. ಚಿಕ್ಕಮಾವ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು.

'ಇದಕ್ಕೆ ಸಹಿ ಹಾಕಿದ್ರೆ ಪಾಲಾದ ಹಾಗೆ ಆಗ್ತದಾ?'

'ಇಲ್ಲ ಮಾವ, ಇದು ಪರಿಹಾರಕ್ಕೆ ಮಾತ್ರ.'

'ಈಗ ಪರಿಹಾರಕ್ಕೆ ಅಂತೀರಿ. ನಾಳೆ ಗದ್ದೆ ನಮ್ಮದು ಅಂತೀರಿ.'

ಅವರ ಅನುಮಾನ ಪೂರ್ತಿ ತಪ್ಪು ಅನ್ನಲಾರೆ. ಕೊಡಗಿನಲ್ಲಿ ಇಂಥ ಸಹಿಯಿಂದಲೇ ಶುರುವಾದ ಜಗಳಗಳು ಎಷ್ಟಿಲ್ಲ? ಎರಡು ವಾರ ಹಾಗೇ ಕಳೆಯಿತು. ಕಡೆಗೆ ನಾನೇ ಒಂದು ಸಾಲು ಸೇರಿಸಿ ಸ್ಟ್ಯಾಂಪ್ ಪೇಪರಿನಲ್ಲಿ ಹೊಸದಾಗಿ ಬರೆಸಿದೆ: ಈ ಒಪ್ಪಿಗೆ 2018ರ ಅತಿವೃಷ್ಟಿ ಪರಿಹಾರಕ್ಕೆ ಮಾತ್ರ, ಪಾಲಿಗೂ ಇದಕ್ಕೂ ಸಂಬಂಧ ಇಲ್ಲ. ಅವರ ತೋಟದಲ್ಲಿ ಬಿದ್ದ ಕಾಫಿಗೂ ಅದೇ ಕಾಗದ ಬೇಕಾಗುತ್ತದೆ ಅಂತ ಅತ್ತೆ ಹೋಗಿ ಚಿಕ್ಕತ್ತೆಗೆ ಹೇಳಿ ಬಂದರು. ಯಾವುದು ಕೆಲಸ ಮಾಡಿತೋ ಗೊತ್ತಿಲ್ಲ, ಮಾರನೆಯ ದಿನ ಬೆಳಗ್ಗೆ ಸಹಿ ಆಯಿತು. ಚಿಕ್ಕಮಾವ ಕಾಫಿ ಕುಡಿದು, 'ನನ್ನದೂ ಬರೆದುಕೊಡು' ಅಂದರು. ಬರೆದುಕೊಟ್ಟೆ.

ಹೆಂಗಸು ಕಚೇರಿಗೆ ಯಾಕೆ ಅಲೆಯಬೇಕು ಅಂತ ಕೇಳಿದವರೂ ಇದ್ದರು. ಇವರು ಡ್ರೈವರ್ ಕೆಲಸದವರು, ದಿನ ಬಿಟ್ಟರೆ ದಿನದ ದುಡ್ಡು ಹೋಯಿತು. ಮಾವನಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಉಳಿದಿದ್ದು ನಾನು. ಯಾವ ಪಹಣಿಯಲ್ಲೂ ನನ್ನ ಹೆಸರಿಲ್ಲ. ಆದರೆ ಆ ವರ್ಷ ಎಲ್ಲ ಕಡತದಲ್ಲೂ ನನ್ನ ಅಕ್ಷರ ಇತ್ತು.

2019ರ ಜನವರಿಯಲ್ಲಿ ಮರು ಪರಿಶೀಲನೆಗೆ ಬಂದರು. ಹೊಸ ಗ್ರಾಮ ಲೆಕ್ಕಿಗರು, ಜೊತೆಗೆ ಒಬ್ಬ ಸರ್ವೆಯರ್. ಸ್ಕೇಲಿನ ಕಥೆ ಆಗಿದ್ದು ಅವತ್ತೇ. ಈ ಮೇಡಂ ಗದ್ದೆಗೇ ಇಳಿದರು, ಅದೇ ದೊಡ್ಡದು. ಮರಳಿನ ಆಳ ನಾಲ್ಕು ಕಡೆ ನೋಡಿದರು. ತೋಡು ಹರಿಯುವ ಜಾಗದಲ್ಲಿ ಸರ್ವೆಯರ್ ಟಿಪ್ಪಣಿ ಅನ್ನುವ ಹಳೆಯ ಅಳತೆ ನಕ್ಷೆ ತೆಗೆದು ಹಳೆಯ ಗಡಿ ಕಲ್ಲು ಹುಡುಕಿದರು. ನಾಲ್ಕು ಕಲ್ಲಿನಲ್ಲಿ ಮೂರು ಇರಲಿಲ್ಲ. ಉಳಿದ ಒಂದು ಕಲ್ಲಿನಿಂದ, ಚಿಕ್ಕಮಾವನ ತೋಟದ ಮೂಲೆಯಿಂದ ಅಳತೆ ಹಿಡಿದು 20 ಗುಂಟೆ ತೋಡಿನ ಒಳಗಿದೆ ಅಂತ ಗುರುತು ಹಾಕಿದರು. ಈ ಸಲ ಸಹಿ ಹಾಕುವ ಮೊದಲು ನಾನು ಜೋರಾಗಿ ಓದಿದೆ. ಒಂದು ಕಡೆ 'ತೋಡಿನ ನೀರು ನಿಂತಿದೆ' ಅಂತ ಬರೆದಿದ್ದರು. 'ಮೇಡಂ, ನಿಂತಿಲ್ಲ, ತೋಡು ದಾರಿ ಬದಲಿಸಿದೆ. ಹಾಗೇ ಬರೆಯಿರಿ' ಅಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ನಕ್ಕು, ಹೊಡೆದು ಹಾಕಿ ಪಕ್ಕದಲ್ಲಿ ಸಣ್ಣ ಸಹಿ ಮಾಡಿ, ತಿದ್ದಿ ಬರೆದರು. ನೀರು ನಿಂತರೆ ದುಡ್ಡು ಇಲ್ಲ, ದಾರಿ ಬದಲಿಸಿದರೆ ಉಂಟು.

ಮಹಜರು ಆದ ಮೇಲೆಯೇ ಜೆಸಿಬಿಗೆ ಹೇಳಿದ್ದು.

ಈಗ ಸ್ವಲ್ಪ ಲೆಕ್ಕ. ಒಂದು ಗುಂಟೆ ಅಂದರೆ 1,089 ಚದರಡಿ. 50 ಗುಂಟೆಯಲ್ಲಿ ಸರಾಸರಿ ಒಂದು ಅಡಿ ಮರಳು ಅಂದುಕೊಂಡರೂ 54 ಸಾವಿರ ಘನಅಡಿ ಮೇಲೆ ಆಯಿತು. 150 ಘನಅಡಿ ಹಿಡಿಯುವ ಟಿಪ್ಪರಿಗೆ 360 ಲೋಡು. 12,200ರ ದರದಲ್ಲಿ ಅಷ್ಟು ಮರಳು ತೆಗೆಯಲು ನಮಗೆ ಬರುವುದು ಸುಮಾರು 6,170 ರೂಪಾಯಿ. ಆಗ ಜೆಸಿಬಿಗೆ ಗಂಟೆಗೆ ನಾವು ಕೊಟ್ಟಿದ್ದು ಸಾವಿರ. ಆರು ಗಂಟೆಯ ಕೆಲಸ. ನಮ್ಮ ಗದ್ದೆಗೆ ಹಿಡಿದಿದ್ದು 34 ಗಂಟೆ. ಅದೂ ಮರಳನ್ನು ಹೊರಗೆ ಸಾಗಿಸದೆ, ಒಂದು ಮೂಲೆಗೆ ತಳ್ಳಿ ಗುಡ್ಡೆ ಹಾಕಿದ್ದಕ್ಕೆ. ಗುಡ್ಡೆಗೇ ಐದು ಗುಂಟೆ ಹೋಯಿತು. ನನ್ನ ಎರಡು ಬಳೆ ಅಡವಿಗೆ ಹೋದವು.

ಮರಳು ಮಾರಿದ್ದರೆ ಆಗ್ತಿತ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಊರಲ್ಲೆಲ್ಲ ಮನೆ ಕಟ್ಟಲು ಮರಳಿಲ್ಲ, ನಮ್ಮ ಗದ್ದೆಯಲ್ಲಿ ಬೇಕಾದಷ್ಟು. ಆದರೆ ಪಟ್ಟಾ ಜಮೀನಿಗೆ ಬಂದು ಬಿದ್ದರೂ ಮರಳು ನಮ್ಮದಾಗುವುದಿಲ್ಲ. ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು, ರಾಜಧನ ಕಟ್ಟಬೇಕು. ಗದ್ದೆ ಮುಚ್ಚುವಾಗ ಅದು ನಮ್ಮ ಕಷ್ಟ, ಟಿಪ್ಪರ್ ಹತ್ತುವಾಗ ಸರ್ಕಾರದ ಸ್ವತ್ತು. ರಾತ್ರಿ ಬಂದು ಕೇಳಿದವರಿದ್ದರು. ಮಾವ ಬೈದು ಕಳಿಸಿದರು. ತೋಡಿಗೇ ತಳ್ಳಿಬಿಡಿ ಅಂತ ಇನ್ನೊಬ್ಬರು. ತಳ್ಳಿದರೆ ಕೆಳಗಿನ ಮನೆಯ ಅಣ್ಣನ ಗದ್ದೆಗೆ ಹೋಗುತ್ತದೆ. ಅವರು ಈಗ ತಾನೇ ಸಾಲ ಮಾಡಿ ತೆಗೆಸಿದ್ದಾರೆ.

ಉದ್ಯೋಗ ಖಾತರಿಯಲ್ಲಿ ಮಾಡಿಸಬಹುದು ಅಂತಲೂ ಪಂಚಾಯ್ತಿಯಲ್ಲಿ ಹೇಳಿದರು. ಸಣ್ಣ ರೈತರ ಜಮೀನು ಸರಿಮಾಡಲು ಅದರಲ್ಲಿ ಅವಕಾಶ ಇತ್ತು. ಆ ವರ್ಷ ಕೂಲಿ ದಿನಕ್ಕೆ 249 ರೂಪಾಯಿ. ಯಂತ್ರ ಬಳಸುವ ಹಾಗಿರಲಿಲ್ಲ, ಮರಳನ್ನು ಬುಟ್ಟಿಯಲ್ಲೇ ಹೊರಬೇಕಿತ್ತು. ಜನವರಿಯಲ್ಲಿ ಕಾಫಿ ಕುಯ್ಲು. ಕುಯ್ಲು ಬಿಟ್ಟು 249ಕ್ಕೆ ಮರಳು ಹೊರಲು ಯಾರು ಬರುತ್ತಾರೆ? ಮರಳಿಗೆ ಅದು ಆಗಲಿಲ್ಲ. ಆದರೆ ಬೇಸಿಗೆಯಲ್ಲಿ ಬದು ಕಟ್ಟಲು ಅದೇ ಯೋಜನೆ ಒಳ್ಳೆಯ ಸಹಾಯ ಆಯಿತು. ನಾನು, ಇವರು, ಪಕ್ಕದ ಮನೆಯವರು ಸೇರಿ ಜಾಬ್ ಕಾರ್ಡಿನಲ್ಲಿ ಬದು ಎತ್ತಿದೆವು. ನಮ್ಮ ಗದ್ದೆಯ ಬದು ನಾವೇ ಕಟ್ಟಿ ಕೂಲಿ ತೆಗೆದುಕೊಂಡಿದ್ದು ಅದೇ ಮೊದಲು.

ಅಕ್ಕನನ್ನು ಕೊಟ್ಟಿದ್ದು ಸುಳ್ಯಕ್ಕೆ. ಬಾವನ ಕೆಲಸ ಮಂಗಳೂರಿನಲ್ಲಿ, ಸೋಮೇಶ್ವರದ ಕಡೆ ಬಾಡಿಗೆ ಮನೆ. ಅವರ ಮನೆಯಿಂದ ಕಡಲು ಕೇಳಿಸುತ್ತದೆ. ಆ ಬೇಸಿಗೆಯಲ್ಲಿ ಬಂದಾಗ ಬಾವ ನಮ್ಮ ಮರಳಿನ ಗುಡ್ಡೆ ಹತ್ತಿ ನಿಂತು ನಗಾಡಿದರು. 'ನಮ್ಮಲ್ಲಿ ಮರಳು ಹೋಯ್ತು ಅಂತ ಅಳ್ತಾರೆ, ನಿಮ್ಮಲ್ಲಿ ಬಂತು ಅಂತ ಅಳ್ತೀರಿ.' ಪ್ರತಿ ಮಳೆಗಾಲ ಅಲೆ ದಡ ಕೊರೆಯುತ್ತದೆ, ತೆಂಗು ಬೀಳುತ್ತದೆ, ಬಂಡೆ ತಂದು ಸುರಿಯುತ್ತಾರೆ, ಮುಂದಿನ ಮಳೆಗೆ ಬಂಡೆಯೂ ಕೂರುತ್ತದೆ. ಕಡಲ ಬದಿಯ ಮರಳ ದಿಬ್ಬವೇ ಮನೆಗೆ ಕಾಂಪೌಂಡ್ ಗೋಡೆ, ಅದರ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿಯೇ ಸಿಮೆಂಟು ಅಂತ ಅಲ್ಲಿನ ಹಳಬರು ಹೇಳುತ್ತಾರಂತೆ. ದಿಬ್ಬ ಸವರಿ ಮನೆ ಕಟ್ಟಿದ ಕಡೆ ಅಲೆ ನೇರ ಅಂಗಳಕ್ಕೆ. ನಮ್ಮಲ್ಲಿ ಗುಡ್ಡದ ಬುಡ ಕಡಿದು ಮನೆಗೆ ಜಾಗ ಮಾಡುತ್ತೇವಲ್ಲ, ಹಾಗೇ.

'ಪರಿಹಾರ ಎಷ್ಟು ಕೊಡ್ತಾರೆ ಬಾವ?' ಅಂತ ಕೇಳಿದೆ. ಆಗ ಒಂದು ಹೊಸ ವಿಷಯ ತಿಳಿಯಿತು. ಆ ದರಪಟ್ಟಿಯ ಜೊತೆಗೇ ಯಾವುದನ್ನೆಲ್ಲ ವಿಕೋಪ ಅಂತ ಕರೆಯಬೇಕು ಅನ್ನುವ ಹನ್ನೆರಡರ ಪಟ್ಟಿಯೂ ಇದೆ. ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟದ ಹಾವಳಿ, ಶೀತಗಾಳಿ. ಕಡಲ್ಕೊರೆತ ಅದರಲ್ಲಿ ಇಲ್ಲ. ಬೆಟ್ಟ ಜಾರಿದರೆ ಹೆಸರಿದೆ, ದಡ ಜಾರಿದರೆ ಇಲ್ಲ. ಆಮೇಲೆ 15ನೇ ಹಣಕಾಸು ಆಯೋಗ 2021ರಿಂದ 26ರವರೆಗಿನ ಐದು ವರ್ಷಕ್ಕೆ ಕೊರೆತ ತಡೆಯಲು 1,500 ಕೋಟಿ, ಕೊರೆತದಿಂದ ಮನೆಮಠ ಕಳೆದುಕೊಂಡವರಿಗೆ ಬೇರೆ ನೆಲೆ ಮಾಡಲು 1,000 ಕೋಟಿ ಶಿಫಾರಸು ಮಾಡಿತು. ನದಿ ಕೊರೆತ, ಕಡಲ್ಕೊರೆತ ಎರಡಕ್ಕೂ ಸೇರಿ, ಇಡೀ ದೇಶಕ್ಕೆ. ಬಾವ ಅದನ್ನು ವಾಟ್ಸಾಪಿನಲ್ಲಿ ಕಳಿಸಿ, 'ನಮ್ಮ ಹೆಸರೂ ಬಂತು' ಅಂತ ಬರೆದಿದ್ದರು.

ನಿಮ್ಮ ಮರಳು ನಮ್ಮ ಕಡಲಿಗೆ ಕಳಿಸಿ ಅಂತ ಅವರ ತಮಾಷೆ. ಹಾಗೆ ಕಳಿಸಲೂ ಆಗುವುದಿಲ್ಲ. ನಮ್ಮ ತೋಡು ಹಟ್ಟಿಹೊಳೆಗೆ, ಹಟ್ಟಿಹೊಳೆ ಹಾರಂಗಿಗೆ, ಹಾರಂಗಿ ಕಾವೇರಿಗೆ. ಹೋಗುವುದು ಮೂಡಣ ಕಡಲಿಗೆ. ಅದೂ ಹಾರಂಗಿ ಡ್ಯಾಮು ಬಿಟ್ಟರೆ.

ದುಡ್ಡಿನ ಕಥೆ ಹೇಳಿಬಿಡುತ್ತೇನೆ. ಬೆಳೆ ನಷ್ಟದ್ದು ಮೊದಲೇ ಬಂದಿತ್ತು. ಹೂಳು ಮತ್ತು ಭೂಮಿಯದ್ದು ಮಂಜೂರಾಗಿ 2019ರ ಜೂನಿನಲ್ಲಿ 'ಜಮೆ ಆಗಿದೆ' ಅಂದರು. ಪಾಸ್‌ಬುಕ್ಕಿನಲ್ಲಿ ಇಲ್ಲ. ಮೂರು ವಾರ ಹುಡುಕಿದೆವು. ಪರಿಹಾರದ ದುಡ್ಡು ನಾವು ಅರ್ಜಿಯಲ್ಲಿ ಬರೆದ ಖಾತೆಗೆ ಬರುವುದಿಲ್ಲ, ಆಧಾರ್‌ಗೆ ಕಡೆಯದಾಗಿ ಯಾವ ಬ್ಯಾಂಕ್ ಜೋಡಿಸಿದ್ದೇವೋ ಅಲ್ಲಿಗೆ ಹೋಗುತ್ತದೆ. ಮಾವ ಯಾವಾಗಲೋ ಗ್ಯಾಸ್ ಸಬ್ಸಿಡಿಗೆ ಅಂತ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆಗೆದು ಮರೆತೇ ಬಿಟ್ಟಿದ್ದರು. ಅಲ್ಲಿ ಕೂತಿತ್ತು. ಹೂಳಿಗೆ 6,170ರ ಹತ್ತಿರ, ತೋಡಿಗೆ ಹೋದ 20 ಗುಂಟೆಗೆ 7,590ರ ಹತ್ತಿರ. ಯಾರಿಗೂ ಒಂದು ರೂಪಾಯಿ ಲಂಚ ಕೊಡಲಿಲ್ಲ. ಬಸ್ಸಿಗೆ, ಜೆರಾಕ್ಸಿಗೆ, ಸ್ಟ್ಯಾಂಪ್ ಪೇಪರಿಗೆ ಎರಡು ಸಾವಿರದ ಮೇಲೆ ಹೋಗಿತ್ತು. ಇಷ್ಟಕ್ಕೆ ಇಷ್ಟು ಒದ್ದಾಡಬೇಕಿತ್ತಾ ಅಂತ ಇವರು ಕೇಳಿದರು. ನನಗೆ ದುಡ್ಡಿಗಿಂತ ಆ ಮಹಜರು ಮುಖ್ಯ ಅನ್ನಿಸಿತ್ತು. ತೋಡು ನಮ್ಮ ಜಾಗದಲ್ಲಿ ಹರಿಯುತ್ತಿದೆ ಅನ್ನುವುದಕ್ಕೆ ಅದೊಂದೇ ದಾಖಲೆ.

ಆಮೇಲೆ ಎರಡು ತಿಂಗಳಿಗೆ, ಆಗಸ್ಟಿನಲ್ಲಿ ಮತ್ತೆ ನೀರು ಬಂತು. ಕೆಳಗಿನ ಎರಡು ಮಡಿಯಲ್ಲಿ ಅರ್ಧ ಅಡಿ ಮರಳು. ಈ ಸಲ ಮಳೆ ನಿಂತ ದಿನವೇ ಇಳಿದು ಹೋಗಿ, ಮಗನ ಸ್ಕೇಲು ಚುಚ್ಚಿ, ಪಕ್ಕದಲ್ಲಿ ಅವತ್ತಿನ ಪೇಪರ್ ಇಟ್ಟು ಫೋಟೋ ತೆಗೆದೆ. ಜಾಗ, ತಾರೀಖು ಬೀಳುವ ಆ್ಯಪ್ ಹಾಕಿಕೊಂಡಿದ್ದೆ. ಗ್ರಾಮ ಲೆಕ್ಕಿಗರ ಮೇಡಂಗೆ ಕಳಿಸಿದರೆ, 'ನಿಮ್ಮ ಸ್ಕೇಲು ಇನ್ನೂ ಇದೆಯಾ?' ಅಂತ ಉತ್ತರ ಬಂತು.

ಮರಳು ತೆಗೆದರೆ ಗದ್ದೆ ಬರುತ್ತದೆ ಅಂದುಕೊಂಡಿದ್ದೆವು. ಬರಲಿಲ್ಲ. ಮೇಲ್ಮಣ್ಣು ಜೆಸಿಬಿ ಬಾಯಿಗೆ ಮರಳಿನ ಜೊತೆ ಹೋಗಿತ್ತು. ತಲೆತಲಾಂತರದಿಂದ ಕೆಸರು ತುಳಿದು ತುಳಿದು ಅಡಿಯಲ್ಲಿ ಕಟ್ಟಿಕೊಂಡಿದ್ದ ಗಟ್ಟಿ ಪದರ ಒಡೆದು, ಬೆಳಗ್ಗೆ ಕಟ್ಟಿದ ನೀರು ಸಂಜೆಗೆ ಇರುತ್ತಿರಲಿಲ್ಲ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಮಣ್ಣು ಒಯ್ದು ತೋರಿಸಿದೆವು. ಹಸಿರೆಲೆ ಗೊಬ್ಬರ ಹಾಕಿ, ಸುಣ್ಣ ಹಾಕಿ, ಒಂದೆರಡು ವರ್ಷ ಕಾಯಿರಿ ಅಂದರು. ಹಸಿರು ಗೊಬ್ಬರಕ್ಕೆ ಅಂತ ಡಯಾಂಚ ಗಿಡ ಬಿತ್ತಿ ಉತ್ತೆವು. ಕೊಟ್ಟಿಗೆ ಗೊಬ್ಬರ ಕಾಫಿಗೆ ಕಮ್ಮಿ ಮಾಡಿ ಇಲ್ಲಿ ಸುರಿದೆವು. ಇದಕ್ಕೆ ಯಾವ ದರಪಟ್ಟಿಯಲ್ಲೂ ಸಾಲು ಇಲ್ಲ. ಮರಳು ತೆಗೆಯಲು ದುಡ್ಡು ಉಂಟು, ಗದ್ದೆ ಮಾಡಲು ಇಲ್ಲ. 2022ರಲ್ಲಿ ದರ ಏರಿಸಿದ್ದಾರೆ. ಹೂಳಿಗೆ ಹೆಕ್ಟೇರಿಗೆ 18,000, ಜಮೀನು ನಷ್ಟಕ್ಕೆ 47,000. ಮೂರು ಇಂಚು ಮಾತ್ರ ಮೂರೇ ಇಂಚು.

2021ರಲ್ಲಿ ಮೇಲಿನ ಮೂರು ಮಡಿಯಲ್ಲಿ ನಾಟಿ ಮಾಡಿದೆವು. ಹುತ್ತರಿಗೆ ನಮ್ಮ ಗದ್ದೆಯದೇ ಕದಿರು. ತೆಳ್ಳಗೆ ಇತ್ತು, ಆದರೂ ಮಾವನ ಕೂಗು ಮೇಲಿನ ಮನೆಗೆ ಕೇಳಿತಂತೆ.

ಮೊನ್ನೆ ಕಂದಾಯ ಕಟ್ಟಲು ಹೋಗಿದ್ದೆ. ರಸೀದಿಯಲ್ಲಿ ಗದ್ದೆ 1 ಎಕರೆ 30 ಗುಂಟೆ ಅಂತಲೇ ಇದೆ. 'ಇದರಲ್ಲಿ 20 ಗುಂಟೆ ತೋಡು, ಮಹಜರೂ ಇದೆ' ಅಂದೆ. ಪಹಣಿ ತಿದ್ದುಪಡಿಗೆ ಬೇರೆ ಅರ್ಜಿ ಕೊಡಬೇಕಂತೆ. ಪಟ್ಟೇದಾರರು ಬಂದು ಸಹಿ ಹಾಕಬೇಕಂತೆ. ಪಟ್ಟೇದಾರರು ಅಜ್ಜ. ತೋಡಿನ ಕಂದಾಯವನ್ನೂ ಸೇರಿಸಿ ಕಟ್ಟಿ ಬಂದೆ.